ಮೊದಲು ಆ ಅಣ್ಣನ ಚೀಲ ತೆಗೆದು ನೋಡಿ

ಪಾಂಡವಪುರ ಕಡೆಯ ತಂಗಿಯೊಬ್ಬರು ಕೇಳಿದ್ದಾರೆ. ಊರವರಿಗೆಲ್ಲ ಪಿಂಚಣಿ, ರೇಷನ್ ಕಾರ್ಡಿನ ಅರ್ಜಿ ಬರೆದುಕೊಟ್ಟು, ಜೊತೆಗೆ ಕಚೇರಿಗೂ ಬರುತ್ತಿದ್ದ ಅಣ್ಣ ಹೋದ ತಿಂಗಳು ತೀರಿಕೊಂಡರಂತೆ. ಅವರ ನೆನಪಿಗೆ ಏನು ಮಾಡೋಣ ಅಂತ.

ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ನಮಗೂ ಹೀಗೇ ಆಗಿತ್ತು. ನಮ್ಮ ಮೇಷ್ಟ್ರು ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಅರಳಿಕಟ್ಟೆ ಮೇಲೆ ಕೂತು ಅರ್ಜಿ ಬರೆಯುತ್ತಿದ್ದರು, ಯಾರ ಹತ್ತಿರವೂ ಒಂದು ರೂಪಾಯಿ ಮುಟ್ಟಿದವರಲ್ಲ. ಕಚೇರಿಗೆ ಹೋದರೆ ತಾವು ಮಾತಾಡುತ್ತಿರಲಿಲ್ಲ. "ನಿನ್ನ ದುಡ್ಡವ್ವ, ನೀನೇ ಕೇಳು" ಅಂತ ಹಿಂದೆ ನಿಂತುಕೊಳ್ಳುತ್ತಿದ್ದರು. ಹೆಬ್ಬೆಟ್ಟು ಒತ್ತುವ ಮುದುಕಿಯರೂ ಅವರಿಂದಾಗಿ ಕಿಟಕಿಯ ಮುಂದೆ ಗಟ್ಟಿಯಾಗಿ ಕೇಳುವುದು ಕಲಿತರು.

ತಿಥಿ ದಿನ ಫ್ಲೆಕ್ಸ್ ಕಟ್ಟಿದೆವು, ಊರಿಗೆಲ್ಲ ಊಟ ಹಾಕಿದೆವು. ತಪ್ಪಲ್ಲ, ನೀವೂ ಮಾಡಿ. ಆದರೆ ಅದಕ್ಕೂ ಮೊದಲು, ಮನೆಯವರನ್ನು ಕೇಳಿ, ಅವರ ಚೀಲ ತೆಗೆದು ನೋಡಿ.

ನಾವು ನೋಡಿದ್ದು ಎರಡು ತಿಂಗಳಾದ ಮೇಲೆ. ಅದು ನನ್ನನ್ನು ಇನ್ನೂ ಕೊರೆಯುತ್ತದೆ. ಯಾರದ್ದೋ ಪಾಸ್‌ಬುಕ್, ಯಾರದ್ದೋ ಗಂಡನ ಮರಣ ಪತ್ರದ ಅಸಲು, ನಾಡಕಚೇರಿಯ ಸ್ವೀಕೃತಿ ಚೀಟಿಗಳು, ಎಲ್ಲ ಅದರಲ್ಲೇ ಇದ್ದವು. ಒಬ್ಬ ಅಕ್ಕನಿಗೆ ವಿಧವಾ ವೇತನ ಯಾಕೆ ನಿಂತಿತು ಅಂತ ಕೇಳಿ ಆಕೆಯ ಹೆಸರಲ್ಲೇ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿಸಿದ್ದರು. ಅರ್ಧಂಬರ್ಧ ಉತ್ತರ ಬಂದಿತ್ತು. ಉತ್ತರ ಕೈಗೆ ಬಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕಿತ್ತು, ಕಾಗದ ಚೀಲದಲ್ಲೇ ಇದ್ದು ಆ ಗಡುವು ಮುಗಿದುಹೋಯಿತು. ಮತ್ತೆ ಹೊಸದಾಗಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಒಂದೇ ವಿಷಯ, 150 ಪದ ಮೀರದ ಹಾಗೆ ಬರೆದು ಹಾಕಿದೆವು. ಆ ಅಕ್ಕ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಸಕಾಲ ಚೀಟಿಗಳನ್ನು, ಅಂದರೆ ಅರ್ಜಿ ಕೊಟ್ಟಾಗ ಕಚೇರಿಯಲ್ಲಿ ಕೊಡುವ ಸ್ವೀಕೃತಿಗಳನ್ನು, ಮಾತ್ರ ಎಸೆಯಬೇಡಿ. ಅದರಲ್ಲಿರುವ 15 ಅಂಕಿಯ ನಂಬರ್ ಇದ್ದರೆ ಅರ್ಜಿ ಎಲ್ಲಿ ನಿಂತಿದೆ ಅಂತ ಯಾರು ಬೇಕಾದರೂ ನೋಡಬಹುದು. ಅಸಲು ಕಾಗದಗಳನ್ನು ಅವರವರ ಮನೆಗೇ ಹೋಗಿ ಕೊಟ್ಟು, ಒಂದು ಪುಸ್ತಕದಲ್ಲಿ ಸಹಿ ತಗೊಳ್ಳಿ.

ಅವರು ಬರೆದಿಟ್ಟ ನೋಟ್‌ಬುಕ್ ಇದ್ದರಂತೂ ಕಣ್ಣಿಗೊತ್ತಿಕೊಳ್ಳಿ. ನಮ್ಮ ಅಜ್ಜಿಯೊಬ್ಬರಿಗೆ ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿಯ 1,200 ರೂಪಾಯಿ ಬರುತ್ತಿಲ್ಲ ಅಂತ ಎಲ್ಲರೂ ಕಚೇರಿಗೆ ಅಲೆಯುತ್ತಿದ್ದೆವು. ಮೇಷ್ಟ್ರ ನೋಟ್‌ಬುಕ್‌ನಲ್ಲಿ ಒಂದು ಸಾಲಿತ್ತು: ಮೊದಲು ಆಧಾರ್ ಯಾವ ಖಾತೆಗೆ ಲಿಂಕ್ ಆಗಿದೆ ನೋಡು. ನೋಡಿದರೆ, ಸ್ತ್ರೀಶಕ್ತಿ ಸಂಘದ ಸಾಲಕ್ಕೆಂದು ಅಜ್ಜಿ ಇನ್ನೊಂದು ಬ್ಯಾಂಕಲ್ಲಿ ಖಾತೆ ತೆರೆದು ಮರೆತೇ ಬಿಟ್ಟಿದ್ದರು. ದುಡ್ಡೆಲ್ಲ ಅಲ್ಲಿಗೆ ಹೋಗಿ ಕೂತಿತ್ತು.

ಈಗ ಜೆರಾಕ್ಸ್ ಅಂಗಡಿಯ ಹುಡುಗಿ, ಡಿಗ್ರಿ ಓದುವ ಒಬ್ಬ ಹುಡುಗ ಮತ್ತು ನಾನು ಸೋಮವಾರ ಸೋಮವಾರ ಅದೇ ಕಟ್ಟೆ ಮೇಲೆ ಕೂರುತ್ತೇವೆ. ಮೇಷ್ಟ್ರಷ್ಟು ಬೇಗ ಆಗುವುದಿಲ್ಲ. ಚೀಲ ನಮ್ಮ ಹತ್ತಿರವೇ ಇದೆ, ಕೊಡುವಾಗ ಅವರ ಮನೆಯಮ್ಮ ಪೆನ್ನೊಂದನ್ನು ಮಾತ್ರ ತೆಗೆದಿಟ್ಟುಕೊಂಡರು.

ತಂಗಿ, ಚೀಲದಲ್ಲಿ ಆರ್‌ಟಿಐ ಉತ್ತರ ಸಿಕ್ಕರೆ ಮೊದಲು ತಾರೀಖು ನೋಡಿ. ಹೋದ ತಿಂಗಳು ಅಂದಿರಿ, ಅಲ್ವಾ? ನಾಳೆ ಅಂತ ಬಿಡಬೇಡಿ, ಇವತ್ತೇ ಅವರ ಮನೆಗೆ ಹೋಗಿ ಬನ್ನಿ.