ಬೇರಿಂಗ್ ರೇಸ್ ಮತ್ತು ಸೀಲ್ ಡ್ರೈವರ್ ಸೆಟ್ ಬಳಸಿದವರ ಅನುಭವ ಬೇಕಾಗಿದೆ

ಪ್ರಶ್ನೆ: ನನ್ನ ಹಳೆಯ ಕಾರಿನ ಮುಂದಿನ ಹಬ್‌ಗಳಲ್ಲಿ (ಚಕ್ರಗಳ ನಡುಭಾಗದಲ್ಲಿ) ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗ್‌ಗಳನ್ನೂ ಗ್ರೀಸ್ ಸೋರದಂತೆ ತಡೆಯುವ ಸೀಲ್‌ಗಳನ್ನೂ ಬದಲಿಸಬೇಕಾಗಿದೆ. ಒಂದು ಹಿಡಿ ಹಾಗೂ ಒಂಬತ್ತು ಅಲ್ಯೂಮಿನಿಯಂ ಬಿಲ್ಲೆಗಳಿರುವ, ರೇಸನ್ನು (ಬೇರಿಂಗ್‌ನ ಹೊರ ಉಂಗುರವನ್ನು) ಹೊಡೆದು ಕೂರಿಸುವ ಡ್ರೈವರ್ ಸೆಟ್ ಕೊಳ್ಳುವುದು ಸಾರ್ಥಕವೇ? ಸೀಲ್ ಕೂರಿಸಲು ಅವೇ ಬಿಲ್ಲೆಗಳು ಸಾಕೇ?

ಮೊದಲನೆಯವರು: ಖಂಡಿತ ಕೊಳ್ಳಿ. ನನ್ನ ಕಾರಿನ ಹಿಂದಿನ ಆಕ್ಸಲ್ ಸೀಲನ್ನು ಒಂದು ವರ್ಕ್‌ಶಾಪಿನವರು ಬರೀ ಸುತ್ತಿಗೆಯಿಂದ ಅಂಚು ಅಂಚಿಗೆ ಹೊಡೆದು ಕೂರಿಸಿದರು. ಅದರ ಲೋಹದ ಕವಚ ಒಂದು ಬದಿಯಲ್ಲಿ ನೆಗ್ಗಿ, ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್‌ನ ನಡುವಿನ ಗೇರ್‌ಪೆಟ್ಟಿಗೆ) ಎಣ್ಣೆ ಜಿನುಗುತ್ತಾ ಬ್ರೇಕ್ ಡ್ರಮ್ಮಿನೊಳಗೆ ಇಳಿಯಿತು. ಒಂದು ಚಿಕ್ಕ ಸೀಲಿನ ದೆಸೆಯಿಂದ ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಎರಡೂ ಬದಿಗೆ ಬದಲಿಸಬೇಕಾಯಿತು; ಅದರ ಮೇಲೆ ಇನ್ನೊಂದು ಸೀಲ್, ಹೊಸ ಎಣ್ಣೆ, ಡ್ರಮ್ ತೊಳೆಯಲು ಕ್ಲೀನರ್, ಮತ್ತೊಮ್ಮೆ ಪೂರ್ತಿ ಕೂಲಿ. ಆ ಖರ್ಚಿನ ಮುಂದೆ ಸೆಟ್‌ನ ಬೆಲೆ ಏನೂ ಅಲ್ಲ. ಬಿಲ್ಲೆಯ ಓರೆ ಮುಖ ರೇಸ್‌ಗೆ, ತಿರುಗಿಸಿದರೆ ಚಪ್ಪಟೆ ಮುಖ ಸೀಲಿಗೆ. ರೇಸ್ ತಳ ಮುಟ್ಟಿದೊಡನೆ ಸುತ್ತಿಗೆಯ ಸದ್ದು ಬದಲಾಗುತ್ತದೆ. ಆ ಸದ್ದನ್ನು ಒಮ್ಮೆ ಕೇಳಿದವರು ರೇಸ್ ಹೊಡೆಯಲು ಮತ್ತೆ ಉಳಿಯನ್ನು ಮುಟ್ಟುವುದಿಲ್ಲ.

ಎರಡನೆಯವರು: ಹಳೆಯ ರೇಸ್ ಕೈಯಲ್ಲೇ ಇರುವಾಗ ಸೆಟ್ ಏಕೆ? ಅದರ ಹೊರಮೈಯನ್ನು ಗ್ರೈಂಡರ್‌ನಲ್ಲಿ ತುಸು ಸವೆಸಿದರೆ, ಹೊಸ ರೇಸ್‌ನ ಹಿಂದೆ ಸಲೀಸಾಗಿ ಇಳಿದು ಸಲೀಸಾಗಿ ಹೊರಬರುತ್ತದೆ. ನಾನು ಎಷ್ಟೋ ಹಬ್‌ಗಳನ್ನು ಹೀಗೆಯೇ ಮಾಡಿದ್ದೇನೆ. ಸೆಟ್‌ನಲ್ಲಿ 50 ಮಿ.ಮೀ. ಬಿಲ್ಲೆಯ ನಂತರ ಬರುವುದೇ 59 ಮಿ.ಮೀ. ನಿಮ್ಮ ಸೀಲ್ 55 ಮಿ.ಮೀ. ಇದ್ದರೆ ಯಾವುದನ್ನು ಇಡುತ್ತೀರಿ?

ಮೂರನೆಯವರು: ನೀವಿಬ್ಬರೂ ಸುತ್ತಿಗೆಯನ್ನೇ ಹೊಗಳುತ್ತಿದ್ದೀರಿ. ಇಂಥ ಮಾತು ನಂಬಿ ನಾನು ಕೊಂಡ ಸೆಟ್ ಪೆಟ್ಟಿಗೆಯಲ್ಲಿ ಕೊಳೆಯುತ್ತಿದೆ. ನನ್ನದು ಮುಂಚಕ್ರ ಚಾಲನೆಯ ಕಾರು. ಹಬ್ಬನ್ನು ಹಿಡಿದಿರುವ ಲೋಹದ ಭಾಗವಾದ ಸ್ಟೀರಿಂಗ್ ನಕಲ್‌ನೊಳಗೆ ಇಡಿಯಾಗಿ ಕೂರುವ ಬೇರಿಂಗ್ ಅದಕ್ಕಿದೆ. ಅದನ್ನು ಹೊಡೆದು ಕೂರಿಸಿದರೆ ಗುಂಡುಗಳು ಓಡುವ ದಾರಿಯಲ್ಲಿ ತಗ್ಗುಗಳಾಗಿ, ಚಕ್ರ ತಿರುಗಿದಷ್ಟು ಹೊತ್ತೂ ಗುಯ್‌ಗುಡುತ್ತದೆ. ಪ್ರೆಸ್ (ಒತ್ತುವ ಯಂತ್ರ) ಬೇಕು; ನಕಲ್‌ಗೆ ಒತ್ತುವಾಗ ಹೊರ ಉಂಗುರದ ಮೇಲೆ ಬಲ ಬೀಳಬೇಕು, ಹಬ್ಬನ್ನು ಒತ್ತುವಾಗ ಒಳ ಉಂಗುರಕ್ಕೆ ಆಧಾರ ಕೊಡಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದರೆ ಬೇರಿಂಗ್‌ನ ಕಾಂತದ ಮುಖ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಇರಬೇಕು. ಇಷ್ಟನ್ನು ಹೇಳದೆ ‘ಕೊಳ್ಳಿ’ ಎನ್ನುವುದು ಬೇಜವಾಬ್ದಾರಿ.

ಮೊದಲನೆಯವರು: ಪ್ರಶ್ನೆಯನ್ನು ಓದಿ ಮಾತನಾಡಿ. ಕೇಳಿರುವುದು ಟೇಪರ್ ರೋಲರ್ ಬಗ್ಗೆ. ಅಲ್ಲಿ ರೇಸ್ ಒಂಟಿಯಾಗಿ ಹಬ್ಬಿನೊಳಗೆ ಹೋಗುತ್ತದೆ, ಪೆಟ್ಟು ರೋಲರ್‌ಗಳಿಗೆ ತಾಗುವ ಮಾತೇ ಇಲ್ಲ. ಎರಡನೆಯವರಿಗೂ ಉತ್ತರವಿದೆ. ಸೀಲ್ ಹಬ್ಬಿನ ಅಂಚಿಗೆ ಸಮನಾಗಿ ಕೂರುವುದಾದರೆ 55ಕ್ಕೆ 59ರ ಬಿಲ್ಲೆಯೇ ಒಳ್ಳೆಯದು, ಏಕೆಂದರೆ ಬಿಲ್ಲೆ ಹಬ್ಬಿಗೆ ತಾಗಿ ನಿಂತಾಗ ಸೀಲ್ ತಾನಾಗಿಯೇ ನೇರವಾಗಿರುತ್ತದೆ. ಇನ್ನು ರೇಸ್ ವಿಷಯ: ಎಲ್ 44610 ಎಂಬ ಸಂಖ್ಯೆಯ ರೇಸ್‌ನ ಹೊರವ್ಯಾಸ 50.292 ಮಿ.ಮೀ.; 50ರ ಬಿಲ್ಲೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಎರಡನೆಯವರು: ಅಂಚಿಗಿಂತ ಒಳಗೆ ಕೂರುವ ಸೀಲ್‌ಗಳ ಬಗ್ಗೆ ಮೌನ ಏಕೆ? ಅಲ್ಲಿ 59 ಒಳಗೆ ಹೋಗುವುದಿಲ್ಲ, 50 ಇಟ್ಟರೆ ಕವಚದ ನಡುಭಾಗ ಬಾಗುತ್ತದೆ. ನಾನು ಅಳತೆಗೆ ಸರಿಹೊಂದುವ ಪೈಪಿನ ತುಂಡನ್ನು ಬಳಸುತ್ತೇನೆ. ಹೊಸ ರೇಸನ್ನು ಫ್ರೀಜರ್‌ನಲ್ಲಿಟ್ಟರೆ ಕುಗ್ಗಿ ಅರ್ಧ ಕೆಲಸ ತಾನೇ ಆಗುತ್ತದೆ ಎಂಬುದನ್ನೂ ನೀವು ಹೇಳಲಿಲ್ಲ.

ಮೂರನೆಯವರು: ಫ್ರೀಜರ್‌ನಿಂದ ತೆಗೆದ ರೇಸ್‌ನ ಮೇಲೆ ಕೂರುವ ನೀರಿನ ಪಸೆಯನ್ನು ಒರೆಸದೆ ಗ್ರೀಸ್ ಹಚ್ಚಿದರೆ ತುಕ್ಕು ಹಿಡಿಯುತ್ತದೆ, ಸ್ವಾಮಿ.

ಎರಡನೆಯವರು: ಒರೆಸಬೇಡಿ ಎಂದು ನಾನು ಎಲ್ಲಿ ಹೇಳಿದೆ?

ನಾಲ್ಕನೆಯವರು: ಹಳೆಯ ರೇಸ್ ತೆಗೆಯುವುದಕ್ಕೆ ಈ ಸೆಟ್ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ. ಅದಕ್ಕೆ ಹಿತ್ತಾಳೆ ಸರಳು ಬೇಕು. ಹಲವು ಹಬ್‌ಗಳಲ್ಲಿ ಅದನ್ನು ತಾಗಿಸಲೆಂದೇ ರೇಸ್‌ನ ಹಿಂದೆ ಎರಡು ಕಚ್ಚುಗಳಿರುತ್ತವೆ. ಎದುರುಬದುರಾಗಿ ಹೊಡೆಯುತ್ತಾ ಬನ್ನಿ, ಕಣ್ಣಿಗೆ ಕನ್ನಡಕವಿರಲಿ. ಸೀಲಿನ ತುಟಿಗೆ (ಒಳ ಅಂಚಿನ ರಬ್ಬರ್‌ಗೆ) ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖವನ್ನು ಬೇರಿಂಗ್ ಕಡೆಗೆ ಇಡಿ.