ಲ್ಯಾಬ್ರಡಾರ್ ನಾಯಿ (ಲ್ಯಾಬ್) 42 ಕೆಜಿ ಆಗಿದಾನೆ, ಬೆಕ್ಕೂ ದಪ್ಪ ಆಗ್ತಿದೆ, ತೂಕ ಇಳಿಸೋದು ಹೇಗೆ?

ಬ್ರೂನೋ_ಮನೆ, ಮೈಸೂರು
ಎಲ್ರಿಗೂ ನಮಸ್ಕಾರ. ನಮ್ಮ ಬ್ರೂನೋಗೆ ಐದು ವರ್ಷ, ಲ್ಯಾಬ್ರಡಾರ್. ಮೊನ್ನೆ ಇಂಜೆಕ್ಷನ್ ಹಾಕ್ಸೋಕೆ ಹೋದಾಗ ತೂಕ ನೋಡಿದ್ರೆ 42 ಕೆಜಿ, ಡಾಕ್ಟರು 32ರ ಹತ್ರ ಬರ್ಬೇಕು ಅಂದ್ರು. ಊಟ ಅಂತ ಹಾಕೋದು ಎರಡೇ ಹೊತ್ತು ಡ್ರೈ ಫುಡ್, ಆದ್ರೆ ಅಪ್ಪ ಕಾಫಿ ಕುಡಿಯೋವಾಗ ಬಿಸ್ಕತ್ತು, ಅಜ್ಜಿ ಊಟಕ್ಕೆ ಕೂತಾಗ ಮೊಸರನ್ನ, ಅಮ್ಮ ಚಪಾತಿ ಮಾಡೋವಾಗ ಒಂದು ಚಪಾತಿ, ಹಿಂಗೆ ನಡೀತಾನೇ ಇರುತ್ತೆ. ಬೇಡ ಅಂದ್ರೆ "ಪಾಪ ಹಸಿದಿದೆ ಕಣೇ, ಹೆಂಗ್ ನೋಡ್ತಿದೆ ನೋಡು" ಅಂತಾರೆ. ಜೊತೆಗೆ ಸಂತಾನ ಆಗದ ಹಾಗೆ ಆಪರೇಷನ್ ಆಗಿರೋ ಗಂಡು ಬೆಕ್ಕು, ಅದು ಆರೂವರೆ ಕೆಜಿ. ಇಬ್ರಿಗೂ ಒಂದೆರಡು ದಿನ ಉಪವಾಸ ಹಾಕಿ ಶುರು ಮಾಡ್ಲಾ?

ಮಾರ್ಜಾಲ
ಬೆಕ್ಕಿಗೆ ಉಪವಾಸ ಖಂಡಿತ ಬೇಡ! ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದೆ ಇದ್ರೆ ಮೈಯಲ್ಲಿರೋ ಕೊಬ್ಬು ಕರಗಿ ಲಿವರ್‌ಗೆ ಬಂದು ತುಂಬ್ಕೊಳ್ಳುತ್ತೆ, ಹೆಪಾಟಿಕ್ ಲಿಪಿಡೋಸಿಸ್ ಅಂತಾರೆ, ಜೀವಕ್ಕೇ ಅಪಾಯ. ವಾರಕ್ಕೆ 50-60 ಗ್ರಾಂ ಇಳಿದ್ರೂ ಸಾಕು. ಆಪರೇಷನ್ ಆದ್ಮೇಲೆ ಹಸಿವು ಜಾಸ್ತಿ ಆಗುತ್ತೆ, ದೇಹಕ್ಕೆ ಬೇಕಾಗೋ ಕ್ಯಾಲೊರಿ ಕಮ್ಮಿ ಆಗುತ್ತೆ, ಅದಕ್ಕೇ ಬಟ್ಲು ತುಂಬಿಸಿಟ್ಟು ಬೇಕಾದಾಗ ತಿನ್ಲಿ ಅಂತ ಬಿಡ್ಬೇಡಿ. ದಿನದ್ದು ಅಳೆದು ನಾಲ್ಕು ಸಲ ಕೊಡಿ. ವೆಟ್ ಫುಡ್‌ನಲ್ಲಿ ನೀರಿನಂಶ ಜಾಸ್ತಿ, ಕಮ್ಮಿ ಕ್ಯಾಲೊರಿಗೇ ಹೊಟ್ಟೆ ತುಂಬುತ್ತೆ. ಅನ್ನ ಹಾಲು ಹಾಕಿ ಸಾಕೋದು ಬೇಡ, ಬೆಕ್ಕಿಗೆ ಮಾಂಸಾನೇ ಬೇಕು. ಬೆಕ್ಕಿನ ಬಟ್ಲು ಎಲ್ಲಾದ್ರೂ ಎತ್ತರದಲ್ಲಿಡಿ, ಇಲ್ಲಾಂದ್ರೆ ಅದನ್ನೂ ಬ್ರೂನೋನೇ ಖಾಲಿ ಮಾಡ್ತಾನೆ.

ಹಾಸನದ_ಶ್ವಾನಪ್ರೇಮಿ
ಲ್ಯಾಬ್ ನೋಡೋ ನೋಟ ನಂಬೋಕಾಗಲ್ಲ ಮೇಡಂ. 2016ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿಯವ್ರು ಕಂಡುಹಿಡಿದಿದ್ದು, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಪಿಓಎಂಸಿ ಅನ್ನೋ ಜೀನ್‌ನಲ್ಲಿ ಒಂದು ಚೂರು ಇರೋದೇ ಇಲ್ಲ, ಹೊಟ್ಟೆ ತುಂಬ್ತು ಅನ್ನೋ ಸೂಚನೆ ಮೆದುಳಿಗೆ ಸರಿಯಾಗಿ ಹೋಗಲ್ಲ. ಅಜ್ಜಿಗೆ ಇದನ್ನೂ ಹೇಳಿ: 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್‌ಗಳನ್ನ ಮರಿಯಿಂದ ಕೊನೇವರೆಗೂ ನೋಡಿದಾರೆ, ಜೊತೆಯವಕ್ಕಿಂತ ಕಾಲು ಭಾಗ ಕಮ್ಮಿ ತಿಂದವು ಹತ್ತತ್ರ ಎರಡು ವರ್ಷ ಜಾಸ್ತಿ ಬದುಕಿದ್ವು, ಕೀಲು ನೋವೂ ಅವಕ್ಕೆ ತಡವಾಗಿ ಬಂತು.

ಲೆಕ್ಕಕ್ಕೆ ಬಂದ್ರೆ 32 ಕೆಜಿ ಗುರಿ ಇಟ್ಕೊಂಡ್ರೆ ದಿನಕ್ಕೆ ಸುಮಾರು 940 ಕ್ಯಾಲೊರಿ ಇಂದ ಶುರು ಮಾಡ್ಬೋದು, ಡಾಕ್ಟರ ಹತ್ರ ಕೇಳ್ಕೊಂಡು. ಪ್ಯಾಕೆಟ್ ಮೇಲೆ 100 ಗ್ರಾಂಗೆ 350 ಅಂತಿದ್ರೆ ಅದು 270 ಗ್ರಾಂ ಅಷ್ಟೇ, ಲೋಟದಲ್ಲಿ ಅಳೀಬೇಡಿ, ಅಡಿಗೆಮನೆ ತಕ್ಕಡಿಯಲ್ಲಿ ತೂಗಿ. ವಾರಕ್ಕೆ 400 ಗ್ರಾಂ ಇಳಿದ್ರೆ ಸರಿಯಾಗಿದೆ ಅಂತ, ಆರು ತಿಂಗಳು ಹಿಡಿಯುತ್ತೆ, ಅವಸರ ಬೇಡ. ಈ ತೂಕದಲ್ಲಿ ಓಡಿಸ್ಬೇಡಿ, ಕೀಲಿಗೆ ಪೆಟ್ಟು. ಬಿಸಿಲು ಏರೋಕ್ಕಿಂತ ಮುಂಚೆ ನಡೆಸಿ, ಟಾರ್ ರೋಡ್ ಕಾದ್ರೆ ಪಾದ ಸುಡುತ್ತೆ.

ಬ್ರೂನೋ_ಮನೆ, ಮೈಸೂರು
ತುಂಬಾ ಥ್ಯಾಂಕ್ಸ್, ಬೆಕ್ಕಿನ ವಿಷಯ ಗೊತ್ತೇ ಇರ್ಲಿಲ್ಲ. ಆದ್ರೆ ಅಜ್ಜಿ ಕೈಯಿಂದ ಏನಾದ್ರೂ ಕೊಡ್ಲೇಬೇಕು, ಅವ್ರಿಗೆ ಅದೇ ಸಂತೋಷ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ.

ಶಿವಮೊಗ್ಗ_ಪೆಟ್ಸ್
ಅವ್ರ ಕೈ ತಡೀಬೇಡಿ, ಕೊಡೋ ವಸ್ತು ಬದ್ಲಾಯ್ಸಿ. ಬೆಳಿಗ್ಗೆನೇ ಬ್ರೂನೋನ 270 ಗ್ರಾಂ ತೂಗಿ ಒಂದು ಡಬ್ಬಿಗೆ ಹಾಕಿ ಅಜ್ಜಿ ಹತ್ರ ಇಡಿ, ಮನೇಲಿ ಯಾರೇ ಕೊಟ್ರೂ ಅದ್ರಿಂದಾನೇ, ಡಬ್ಬಿ ಖಾಲಿ ಆದ್ರೆ ಆ ದಿನಕ್ಕೆ ಮುಗೀತು. ಜೊತೆಗೆ ಸೌತೆಕಾಯಿ ಹೋಳು, ಉಪ್ಪಿಲ್ದೆ ಬೇಯಿಸಿದ ಹುರುಳಿಕಾಯಿ ಕೊಡ್ಬೋದು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮಾತ್ರ ಬೇಡ್ವೇ ಬೇಡ. ಗ್ಲೂಕೋಸ್ ಬಿಸ್ಕತ್ತು 100 ಗ್ರಾಂ ಅಂದ್ರೆ 450 ಕ್ಯಾಲೊರಿ ಹತ್ರ, ಅಪ್ಪನಿಗೆ ಪ್ಯಾಕೆಟ್ ಹಿಂದೆ ಬರೆದಿರೋದು ತೋರ್ಸಿ.

ಪಕ್ಕೆಲುಬು ಮುಟ್ಟಿ ನೋಡೋದು ಕಲೀರಿ. ನಿಮ್ಮ ಕೈ ಬಿಡಿಸಿ, ಆ ಕೈಯ ಹಿಂಭಾಗದ ಮೂಳೆ ಮೇಲೆ ಇನ್ನೊಂದು ಕೈಯ ಬೆರಳಾಡ್ಸಿ, ಬ್ರೂನೋ ಪಕ್ಕೆಲುಬು ಮುಟ್ಟಿದಾಗ್ಲೂ ಹಂಗೇ ಸಿಗ್ಬೇಕು. ಅಂಗೈ ಮುಟ್ಟಿದ ಹಾಗಿದ್ರೆ ಇನ್ನೂ ಇಳೀಬೇಕು ಅಂತ. ಅಳತೆ ಪ್ರಕಾರ ಕೊಟ್ಟೂ ಒಂದೂವರೆ ತಿಂಗಳಲ್ಲಿ ಏನೂ ಇಳೀದೆ ಇದ್ರೆ ಥೈರಾಯ್ಡ್ ಟೆಸ್ಟ್ ಮಾಡಿಸಿ, ಲ್ಯಾಬ್‌ಗಳಿಗೆ ಥೈರಾಯ್ಡ್ ಕಮ್ಮಿ ಆಗೋ ತೊಂದ್ರೆನೂ ಬರುತ್ತೆ, ಅದಿದ್ರೆ ತೂಕ ಇಳಿಯೋದು ಕಷ್ಟ. ಬೆಕ್ಕನ್ನ ಎತ್ಕೊಂಡು ಮನೆ ತೂಕದ ಮೆಷಿನ್ ಮೇಲೆ ನಿಂತು ನಿಮ್ಮ ತೂಕ ಕಳೀರಿ, ಎರಡು ವಾರಕ್ಕೊಂದ್ಸಲ ಬರೆದಿಡಿ.