ಅಪ್ಪ ಬೈಂಡ್ ಮಾಡಿಸಿದ ಹಳೆ ಅಮರ ಚಿತ್ರ ಕಥೆ: ಬಿಚ್ಚಿಸಬೇಕಾ, ಹಾಗೇ ಇಡಬೇಕಾ?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ತೀರ್ಥಹಳ್ಳಿ ಹತ್ತಿರದ ನಮ್ಮ ಹಳೆ ಮನೆಯ ಅಟ್ಟ ಖಾಲಿ ಮಾಡಿದೆವು. ಅಪ್ಪನ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಕಂದು ರಟ್ಟು, ಬೆನ್ನಿಗೆ ಕೆಂಪು ಕ್ಯಾಲಿಕೊ ಬಟ್ಟೆ, ಮೇಲೆ ಅಪ್ಪನ ಅಕ್ಷರದಲ್ಲಿ 'ಮಕ್ಕಳ ಪುಸ್ತಕ 2' ಅಂತ ಒಂದು ಚೀಟಿ. ಒಳಗೆ ಅಮರ ಚಿತ್ರ ಕಥೆಯ 14 ಕನ್ನಡ ಕಾಮಿಕ್ಸ್ ಪುಸ್ತಕ. ಕೃಷ್ಣ ಇದೆ, ಮೀರಾಬಾಯಿ ಇದೆ, ತೆನಾಲಿ ರಾಮ, ಬೀರಬಲ್, ಪಂಚತಂತ್ರದ್ದು ಮೂರು. ನಾನು, ನನ್ನ ಅಣ್ಣ ಇಬ್ಬರೂ ಸರಾಗವಾಗಿ ಕನ್ನಡ ಓದಲು ಕಲಿತಿದ್ದೇ ಇವುಗಳಲ್ಲಿ. 'ಮಕ್ಕಳ ಪುಸ್ತಕ 1' ಎಲ್ಲಿ ಹೋಯಿತೋ, ಇಡೀ ಮನೆ ಹುಡುಕಿದರೂ ಸಿಗಲಿಲ್ಲ.

ಈಗ ತೊಂದರೆ ಏನೆಂದರೆ, ಆಗ ಬೈಂಡ್ ಮಾಡಿದವರು ಬಣ್ಣದ ರಕ್ಷಾಪುಟಗಳನ್ನೆಲ್ಲ ತೆಗೆದುಬಿಟ್ಟಿದ್ದಾರೆ. ಹೊಲಿಗೆಯನ್ನು ತುಂಬ ಒಳಗೆ ಹಾಕಿದ್ದಾರೆ, ಹಾಗಾಗಿ ಒಳಬದಿಯ ಚಿತ್ರ ಅರ್ಧ ಹೊಲಿಗೆಯೊಳಗೇ ಹೋಗಿದೆ. ಎಳೆದು ನೋಡಲು ಹೋದರೆ ಕಾಗದ ಪಟಪಟ ಮುರಿಯುತ್ತದೆ. ನನ್ನ ಮಗಳಿಗೆ ಎಂಟು ವರ್ಷ, ಬೆಂಗಳೂರಲ್ಲಿ ಬೆಳೆಯುತ್ತಿದ್ದಾಳೆ, ಕನ್ನಡ ಕೂಡಿಸಿ ಕೂಡಿಸಿ ಓದುತ್ತಾಳೆ, ದಿನಾ ಸಂಜೆ ಇದೇ ಬೇಕು ಅಂತ ಹಟ. ಬಿಚ್ಚಿಸಿ ಬಿಡಿ ಬಿಡಿ ಮಾಡಿಸಲಾ?

ಇನ್ನೊಂದು. ಪುಟಗಳ ಅಂಚಿನ ಖಾಲಿ ಜಾಗದಲ್ಲೆಲ್ಲ ಅಮ್ಮ ಪೆನ್ಸಿಲ್‌ನಲ್ಲಿ ಹಾಲಿನ ಲೆಕ್ಕ ಬರೆದಿದ್ದಾರೆ. ಒಂದೂವರೆ ಲೀಟರ್, ಒಂದು ಲೀಟರ್, ಹೀಗೆ ಸಾಲಾಗಿ. ಅಣ್ಣ ಒಬ್ಬ ರಾಕ್ಷಸನಿಗೆ ಸ್ಕೆಚ್ ಪೆನ್ನಲ್ಲಿ ಹಸಿರು ಮೀಸೆ ಬರೆದಿದ್ದಾನೆ. ಇವನ್ನೆಲ್ಲ ತೆಗೆಸಬಹುದಾ, ತೆಗೆಸಬೇಕಾ? ಚಿತ್ರ ಬರೆದವರ ಹೆಸರೂ ಎಲ್ಲೂ ಇಲ್ಲ. ಯಾರದ್ದು ಅಂತ ಗುರುತಿಸುವ ದಾರಿ ಇದ್ದರೆ ಹೇಳಿ.

ರಟ್ಟು ದಾರ:

ಮೇಡಂ, ದಾವಣಗೆರೆಯಲ್ಲಿ ನಮ್ಮ ತಂದೆ 30 ವರ್ಷ ಬೈಂಡಿಂಗ್ ಕೆಲಸ ಮಾಡಿದವರು, ನಾನೂ ಅಲ್ಲೇ ಮೈದಾ ಅಂಟು ಕಲಸುತ್ತಾ ಬೆಳೆದವನು. ಹಾಗಾಗಿ ಮೊದಲು ಬೈಂಡಿಂಗ್ ವಿಷಯ ಹೇಳುತ್ತೇನೆ.

ನೀವು ಹೇಳುತ್ತಿರುವುದು ಪಕ್ಕದ ಹೊಲಿಗೆ. ಎಲ್ಲ ಪುಸ್ತಕ ಒಟ್ಟಿಗೆ ಜೋಡಿಸಿ, ಅಂಚಿನಿಂದ ಸ್ವಲ್ಪ ಒಳಗೆ ದಬ್ಬಳದಲ್ಲಿ ತೂತು ಹಾಕಿ ದಾರ ಎಳೆಯುವುದು. ಗಟ್ಟಿ, ಬೇಗ ಆಗುತ್ತದೆ, ಕಡಿಮೆ ಖರ್ಚು. ಶಾಲೆಯ ರಿಜಿಸ್ಟರಿಗೂ ಪತ್ರಿಕೆಗಳ ಬೈಂಡಿಗೂ ಅದೇ ನಡೆಯುತ್ತಿತ್ತು. ಆದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಅಮರ ಚಿತ್ರ ಕಥೆ 32 ಪುಟದ ಪುಸ್ತಕ, ನಡುವೆ ಪಿನ್ ಹೊಡೆದದ್ದು. ಅದನ್ನು ಮಡಿಕೆಯಲ್ಲೇ ಹೊಲಿದಿದ್ದರೆ ನಿಮ್ಮ ಚಿತ್ರ ಒಂದಿಷ್ಟೂ ಹೋಗುತ್ತಿರಲಿಲ್ಲ. ಆದರೆ ಅದಕ್ಕೆ ಸಮಯ ಜಾಸ್ತಿ, ದುಡ್ಡೂ ಜಾಸ್ತಿ. ಆಗ ಮನೆಯವರು ಕೇಳುತ್ತಿದ್ದದ್ದು ಒಂದೇ, ಮಕ್ಕಳ ಕೈಯಲ್ಲಿ ಹರಿಯಬಾರದು ಅಂತ. ಆ ಕೆಲಸ ಅದು ಮಾಡಿದೆ ನೋಡಿ, ಇಷ್ಟು ವರ್ಷ ಉಳಿದಿದೆ.

ಹೊಲಿಗೆಯನ್ನು ಬಿಚ್ಚಬಹುದು. ಆದರೆ ನೀವು ಬಿಚ್ಚಬೇಡಿ. ಕಾಗದ ಮುರಿಯುತ್ತಿದೆ ಅಂದಿರಲ್ಲ, ಅದು ಹಳೆ ಅಗ್ಗದ ಕಾಗದ ತನ್ನೊಳಗಿನ ಆಮ್ಲದಿಂದಲೇ ಸುಟ್ಟ ಹಾಗೆ ಆಗುವುದು. ಅಂಥ ಕಾಗದದಿಂದ ದಾರ ಎಳೆದರೆ ತೂತುಗಳ ಸಾಲಿನಲ್ಲೇ ಸೀಳಿ ಬರುತ್ತದೆ. ಒಳಗಿನ ಪಿನ್‌ಗಳನ್ನು ತೆಗೆಯದೆ ಹೊಲಿದಿದ್ದರೆ ಅವು ತುಕ್ಕು ಹಿಡಿದು ಕಾಗದ ತಿಂದಿರುತ್ತವೆ, ಅದನ್ನೊಮ್ಮೆ ನೋಡಿ.

ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಕೈ ಮುಗಿದು ಕೇಳುತ್ತೇನೆ. ಐದಾರು ವರ್ಷಕ್ಕೆ ಹಳದಿಯಾಗಿ, ಅಂಟು ಕಾಗದದೊಳಗೆ ಇಳಿದು, ಚಿತ್ರವನ್ನೂ ಹಾಳು ಮಾಡುತ್ತದೆ. ಲ್ಯಾಮಿನೇಷನ್ನೂ ಬೇಡ. ಹರಿದ ಕಡೆ ತೆಳುವಾದ ಜಪಾನಿ ಕಾಗದವನ್ನು ಗಂಜಿ ಅಂಟಿನಲ್ಲಿ ಹಚ್ಚುತ್ತಾರೆ, ಬೇಕಾದಾಗ ನೀರು ತಾಗಿಸಿ ತೆಗೆಯಬಹುದು. ಪುಸ್ತಕವನ್ನು ನಿಲ್ಲಿಸಬೇಡಿ, ಮಲಗಿಸಿ ಇಡಿ. ನಿಮ್ಮದು ಮಳೆ ಊರು, ಅಟ್ಟಕ್ಕೆ ವಾಪಸ್ ಕಳಿಸಬೇಡಿ.

ಬೆನ್ನಿನ ಒಳಗೆ ಅಂಟು ಇರುವ ಕಡೆ ನಸು ನೀಲಿ ಕಾಣುತ್ತದೆಯಾ ನೋಡಿ. ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಹಾಕುತ್ತಿದ್ದೆವು, ನೀಲಿ ಬಣ್ಣದ ವಿಷದ ಪುಡಿ ಅದು. ಅದಿದ್ದರೆ ಮಗು ಪುಸ್ತಕ ಓದಿದ ಮೇಲೆ ಕೈ ತೊಳೆಸಿ.

ಕಪ್ಪು ಮಸಿ ಕುಂಚ:

ನಾನು ಪ್ರೌಢಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತೇನೆ. ಚಿತ್ರಕಾರರ ಬಗ್ಗೆ ಕೇಳಿದಿರಲ್ಲ, ಅದೊಂದೇ ವಿಷಯಕ್ಕೆ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

'ಕೃಷ್ಣ' ಪುಸ್ತಕದ ಚಿತ್ರಗಳು ರಾಮ್ ವಾಯೀರ್ಕರ್ ಅವರದ್ದು. ಅಮರ ಚಿತ್ರ ಕಥೆಯ ಶುರುವಿನ ಚಿತ್ರಕಾರರು ಅವರು. ಮುಂದೆ ಮಕ್ಕಳ ಪತ್ರಿಕೆ ಟಿಂಕಲ್‌ನಲ್ಲಿ ಬಂದ ಪೆದ್ದ ಸುಪ್ಪಂಡಿಯನ್ನು ಬರೆದದ್ದೂ ಅವರೇ. ಒಬ್ಬರೇ ಮನುಷ್ಯ ಬಾಲಕೃಷ್ಣನನ್ನೂ ಬರೆದರು, ಕೊಂಡಿಗೂದಲಿನ ಸುಪ್ಪಂಡಿಯನ್ನೂ ಬರೆದರು ಅಂದರೆ ನನ್ನ ಮಕ್ಕಳು ನಂಬುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಗೆರೆ ಒಂದು ಕಡೆ ತೆಳ್ಳಗೆ ಶುರುವಾಗಿ ನಡುವೆ ದಪ್ಪವಾಗಿ ಮತ್ತೆ ತೆಳ್ಳಗಾಗುತ್ತದೆ, ಕುಂಚದ ಗೆರೆ ಅದು. ಅವರ ಜನ ಸುಮ್ನೆ ನಿಂತಿರುವುದೇ ಇಲ್ಲ. ಓಡುತ್ತಿರುತ್ತಾರೆ, ಬಾಗುತ್ತಿರುತ್ತಾರೆ, ಮೈಯಲ್ಲಿ ಒಂದು ಕಡೆ ಸೆಳೆತ ಇರುತ್ತದೆ. ಅವರ ನಂತರ ಸುಪ್ಪಂಡಿಯನ್ನು ಬರೆದವರು ಅವರ ಮಗಳು ಅರ್ಚನಾ ಅಂಬೇರ್ಕರ್.

'ಮೀರಾಬಾಯಿ'ಯ ಚಿತ್ರಗಳು ಯೂಸುಫ್ ಲಿಯೆನ್ ಅವರದ್ದು. ಅದನ್ನು ನಿಧಾನವಾಗಿ ನೋಡಿ. ಅಲ್ಲಿ ಓಟ ಇಲ್ಲ. ಬಟ್ಟೆಯ ಮಡಿಕೆ, ಕಿಟಕಿ, ಗಿಡದ ಎಲೆ ಎಲ್ಲವನ್ನೂ ಒಂದೊಂದಾಗಿ ಕೂರಿಸಿದ್ದಾರೆ. ನನಗೆ ಅದು ರಾಜಸ್ಥಾನದ ಹಳೆಯ ಸಣ್ಣ ಚಿತ್ರಗಳನ್ನು ನೆನಪಿಸುತ್ತದೆ. ಪ್ರತಾಪ್ ಮುಳಿಕ್ ಅವರದ್ದು ಯಾವುದಾದರೂ ನಿಮ್ಮ ಬೈಂಡಿನಲ್ಲಿದ್ದರೆ ಮೈಕಟ್ಟಿನಿಂದಲೇ ಹೇಳಬಹುದು, ತೋಳು ಎದೆ ಎಲ್ಲ ಅಳತೆ ಹಿಡಿದು ಬರೆದ ಹಾಗಿರುತ್ತದೆ. ಹಿಂದಿಯ ರಾಜ್ ಕಾಮಿಕ್ಸ್‌ನ ನಾಗರಾಜನನ್ನೂ ಮುಂದೆ ಅವರು ಬರೆದರು.

ಇನ್ನು ಬಣ್ಣ. ಭೂತಗನ್ನಡಿ ಹಿಡಿದು ನೋಡಿ, ಚುಕ್ಕಿ ಚುಕ್ಕಿ ಕಾಣುತ್ತದೆ. ನೀಲಿ, ಕೆಂಪು, ಹಳದಿ, ಕಪ್ಪು, ನಾಲ್ಕು ಸಲ ಅಚ್ಚಾದದ್ದು. ಒಂದು ಬಣ್ಣ ಕೂದಲೆಳೆ ಸರಿದರೂ ಸೀರೆಯ ಕೆಂಪು ಗೆರೆ ದಾಟಿ ಹೊರಗೆ ಬರುತ್ತದೆ. ಚಿಕ್ಕವನಾಗಿದ್ದಾಗ ಅದೂ ಚಿತ್ರದ ಭಾಗ ಅಂದುಕೊಂಡಿದ್ದೆ. ಒಂದೇ ಚಿತ್ರಕಥೆಯನ್ನು ಹಲವು ಭಾಷೆಯಲ್ಲಿ ತರುವಾಗ ಬಣ್ಣದ ಮೂರು ಅಚ್ಚು ಅವೇ ಇರುತ್ತವೆ, ಅಕ್ಷರ ಇರುವ ಕಪ್ಪು ಮಾತ್ರ ಬದಲಾಗುತ್ತದೆ. ಮಾತು ಬರೆಯುವ ಬಲೂನಿನ ಅಳತೆ ಬೇರೆ ಭಾಷೆಗೆ ತಕ್ಕಂತೆ ಮೊದಲೇ ಆಗಿಹೋಗಿರುತ್ತದೆ. ನಮ್ಮ ಒತ್ತಕ್ಷರ ಕೆಳಗೆ ಜಾಗ ಕೇಳುತ್ತದೆ, ನಮ್ಮ ಕ್ರಿಯಾಪದ ಉದ್ದ. ಅದರೊಳಗೆ ಕನ್ನಡವನ್ನು ಕೂರಿಸಿದ ಆ ಕೈಗಳಿಗೆ ನಾನು ಚಿತ್ರಕಾರರಷ್ಟೇ ಮರ್ಯಾದೆ ಕೊಡುತ್ತೇನೆ. ಅವರ ಹೆಸರು ಯಾರೂ ಬರೆದಿಡಲಿಲ್ಲ.

ಈಗಿನ ಕೆಲವು ಮರುಮುದ್ರಣಗಳಲ್ಲಿ ಕಂಪ್ಯೂಟರಿನಲ್ಲಿ ಹೊಸದಾಗಿ ಬಣ್ಣ ತುಂಬಿದ್ದಾರೆ. ಕೆನ್ನೆಗೆಲ್ಲ ಹೊಳಪು. ಆ ಹೊಳಪಿನಲ್ಲಿ ಕುಂಚದ ಗೆರೆ ಮಂಕಾಗುತ್ತದೆ ಅನ್ನುವುದು ನನ್ನ ಬೇಸರ. ನಿಮ್ಮ ಬೈಂಡ್ ಅದಕ್ಕೇ ಬೆಲೆಬಾಳುವಂಥದ್ದು.

ಬಿಚ್ಚಿಸಿ ಅಂತಲೇ ನನ್ನ ಮತ. ಹೊಲಿಗೆಯೊಳಗೆ ಸಿಕ್ಕಿಕೊಂಡ ಅರ್ಧ ಚಿತ್ರ ಯಾರಿಗೂ ಸಿಗದ ಚಿತ್ರ.

ಅಜ್ಜನ ಚಂದಮಾಮ:

ತಂಗೀ, ನನಗೆ 71. ಈ ಪ್ರಶ್ನೆ ಓದಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ, ನಮ್ಮ ಮನೆಯ ಬೈಂಡ್‌ಗಳನ್ನು ನೆನೆಸಿಕೊಂಡು.

ಒಂದು ವಿಷಯ ಹೇಳಲೇಬೇಕು, ಕನ್ನಡದವರಿಗೇ ಇದು ಅಷ್ಟಾಗಿ ಗೊತ್ತಿಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ. 1965ರಲ್ಲಿ. ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಆ ಕೆಲಸ ಮಾಡಿದವರು. ಮೊದಲ ಹತ್ತು ಪುಸ್ತಕ ಸಿಂಡರೆಲಾ ಥರದ ವಿದೇಶದ ಕಥೆಗಳು, ನಮ್ಮ ಪುರಾಣ ಅಲ್ಲ. ಅವು ಚೆನ್ನಾಗಿ ಖರ್ಚಾದವು. ಆಮೇಲೆ ಮುಂಬಯಿಯಲ್ಲಿ ಅನಂತ ಪೈ ಅವರು ಇಂಗ್ಲಿಷಿನಲ್ಲಿ ನಮ್ಮ ಕಥೆಗಳನ್ನು ಶುರು ಮಾಡಿದರು. ಅದಕ್ಕೇ ಇಂಗ್ಲಿಷ್ ಪುಸ್ತಕಗಳ ಎಣಿಕೆ 11ರಿಂದ ಶುರು, ಆ 11ನೆಯದೇ ಕೃಷ್ಣ. ಪೈ ಅವರೂ ಹುಟ್ಟಿದ್ದು ನಮ್ಮ ಕಾರ್ಕಳದಲ್ಲೇ.

ನಮ್ಮ ಮನೆಯಲ್ಲಿ ಅದಕ್ಕೂ ಮೊದಲು ಚಂದಮಾಮ ಬರುತ್ತಿತ್ತು, ಕನ್ನಡದಲ್ಲಿ 1949ರಿಂದ ಇದ್ದದ್ದು. ಅದರ ರಕ್ಷಾಪುಟಕ್ಕೆ ಮಹಾಭಾರತದ ಚಿತ್ರ ಬರೆದ ಎಂ.ಟಿ.ವಿ. ಆಚಾರ್ಯ ನಮ್ಮವರೇ, ಕನ್ನಡಿಗರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನ ಚಿತ್ರ ಶಂಕರ್ ಅವರದ್ದು. ಅವರು 2020ರಲ್ಲಿ ತೀರಿಕೊಂಡರು, ತುಂಬು ವಯಸ್ಸು. ಆ ಸುದ್ದಿ ಓದಿದ ದಿನ ನಾನು ಮನೆಯವಳಿಗೆ ಆ ಚಿತ್ರ ತೋರಿಸಿದೆ. 'ಇದರ ಹೆದರಿಕೆಗೆ ನಾನು ಸಂಜೆ ಹಿತ್ತಲಿಗೆ ಹೋಗುತ್ತಿರಲಿಲ್ಲ' ಅಂದಳು. ಮದುವೆಯಾಗಿ 44 ವರ್ಷ, ಆ ಮಾತು ಮೊದಲ ಸಲ ಕೇಳಿದ್ದು.

ಹಾಲಿನ ಲೆಕ್ಕ ಅಳಿಸಬೇಡ. ದಯವಿಟ್ಟು. ನಮ್ಮ ಮನೆಯಲ್ಲೂ ಹಾಗೇ ಇತ್ತು, ಕೈಗೆ ಸಿಕ್ಕಿದ ಕಾಗದದ ಮೇಲೆ ಹಾಲು, ಅಗಸ, ಸೀಮೆಎಣ್ಣೆ ಎಲ್ಲದರ ಲೆಕ್ಕ. ನನ್ನ ತಾಯಿಯ ಕೈಬರಹ ಅಂತ ಈಗ ಉಳಿದಿರುವುದು ಒಂದು ಪಂಚಾಂಗದ ಹಿಂದಿನ ಪುಟ ಮಾತ್ರ, ಅದರಲ್ಲೂ ಇರುವುದು ಬೇಳೆ ಬೆಲ್ಲದ ಲೆಕ್ಕವೇ. ಅಮ್ಮ ಮಕ್ಕಳ ಪಕ್ಕ ಕೂತಿದ್ದಾಗಲೇ ತಾನೇ ಅಲ್ಲಿ ಬರೆದದ್ದು? ಹಸಿರು ಮೀಸೆಯೂ ಇರಲಿ.

ಎಡಿಸನ್ ಕನ್ನಡಿಗ:

ನಾನು ನ್ಯೂಜೆರ್ಸಿಯಲ್ಲಿರುವುದು. ಇಲ್ಲಿಗೆ ಬರುವಾಗ ಅಮ್ಮ ಪೆಟ್ಟಿಗೆಯಲ್ಲಿ ಐದು ಅಮರ ಚಿತ್ರ ಕಥೆ ಇಟ್ಟಿದ್ದರು, ಎರಡು ನೆಲಮಾಳಿಗೆಯ ತೇವಕ್ಕೆ ಹೋದವು.

ಅಕ್ಕ, ಬಿಚ್ಚಿಸುವುದೋ ಬೇಡವೋ ಆಮೇಲೆ ನೋಡಿ, ಮೊದಲು ಎಲ್ಲ ಪುಟದ ಫೋಟೋ ತೆಗೆದಿಡಿ. ಸ್ಕ್ಯಾನರ್ ಮೇಲೆ ಕವುಚಿ ಒತ್ತಬೇಡಿ, ಬೆನ್ನು ಮುರಿಯುತ್ತದೆ. ಕಿಟಕಿ ಪಕ್ಕ ಬೆಳಿಗ್ಗೆಯ ಬೆಳಕಿನಲ್ಲಿ, ಬಿಸಿಲು ನೇರ ಬೀಳದ ಕಡೆ, ಎರಡೂ ಬದಿಗೆ ದಿಂಬು ಕೊಟ್ಟು ಪುಸ್ತಕವನ್ನು ಅರ್ಧವೇ ತೆರೆದು, ಒಂದೊಂದೇ ಪುಟ ತೆಗೆಯಿರಿ. ಫ್ಲಾಶ್ ಬೇಡ. 14 ಪುಸ್ತಕ ಅಂದರೆ ಸುಮಾರು 450 ಪುಟ, ಎರಡು ಭಾನುವಾರದ ಕೆಲಸ. ಮಗಳು ದಿನಾ ಓದಲು ಅದನ್ನು ಕೊಡಬಹುದು, ಮೂಲ ಪುಸ್ತಕ ವಾರಕ್ಕೊಮ್ಮೆ.

ಮಲೆನಾಡ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ಏನು ಮಾಡಿದೆ ಅಂತ ಹೇಳುತ್ತೇನೆ.

ರಟ್ಟು ದಾರ ಅವರೇ, ಬೆನ್ನಿನೊಳಗೆ ನೀಲಿ ಇತ್ತು. ಪಿನ್‌ಗಳನ್ನು ತೆಗೆದೇ ಹೊಲಿದಿದ್ದಾರೆ, ಆ ಪುಣ್ಯಾತ್ಮರು. ಫೋಟೋ ಕೆಲಸ ಅರ್ಧ ಮುಗಿದಿದೆ, ನಾನು ಪುಟ ಹಿಡಿಯುವುದು, ಮಗಳು ಫೋನ್ ಒತ್ತುವುದು. ಅವಳ ಟಿಂಕಲ್ ತಂದು ಕೃಷ್ಣನ ಪಕ್ಕ ಇಟ್ಟೆವು. ಮಾಸ್ಟರು ಹೇಳಿದ ಗೆರೆ ನನಗಿಂತ ಮೊದಲು ಅವಳಿಗೇ ಕಂಡಿತು. ಕಾಲಿನ ಹತ್ತಿರ ನೋಡು ಅಂದಳು, ಓಡುವಾಗ ಹಿಂದಿನ ಕಾಲು ಎತ್ತುವ ರೀತಿ.

ಬೆಣ್ಣೆ ಕದಿಯುವ ಕಡೆ ಬಂದಾಗ ಮೇಲೆ ತೂಗುವುದು ಏನು ಅಂತ ಕೇಳಿದಳು. ನೆಲುವು ಅಂದೆ. ಆ ಪದವನ್ನು ನಾನು ಬಾಯಲ್ಲಿ ಆಡಿ 20 ವರ್ಷ ಆಗಿತ್ತೇನೋ. ಅಜ್ಜಿಯ ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಜಂತಿಗೆ ಕಟ್ಟಿದ್ದು ಇತ್ತು, ಬೆಕ್ಕಿಗೆ ಸಿಗಬಾರದು ಅಂತ ಮೊಸರಿನ ಗಡಿಗೆ ಅದರಲ್ಲೇ. ಕಡೆಗೋಲು, ಒರಳು, ಎಲ್ಲಕ್ಕೂ ಹೆಸರು ಹೇಳುತ್ತಾ ಹೋದೆ. ಆ ಒಂದು ಪುಟಕ್ಕೇ ಅವತ್ತು ಅರ್ಧ ಗಂಟೆ ಹಿಡಿಯಿತು.

ಅಮ್ಮನಿಗೆ ಲೆಕ್ಕದ ಪುಟಗಳ ಫೋಟೋ ಕಳಿಸಿದೆ. ತಕ್ಷಣ ಫೋನ್ ಮಾಡಿದರು. ನಡುವೆ ಎಂಟು ದಿನ ಬರೀ ಸೊನ್ನೆ ಇದೆ. ಅಣ್ಣನಿಗೆ ಜ್ವರ ಬಂದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೆವು, ಈ ಪುಸ್ತಕ ಅಲ್ಲಿಗೂ ಬಂದಿತ್ತು ಅಂದರು. ನನಗೆ ಇದು ನೆನಪೇ ಇರಲಿಲ್ಲ. ಹಸಿರು ಮೀಸೆ ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆದದ್ದಂತೆ.

ಸದ್ಯಕ್ಕೆ ಬಿಚ್ಚಿಸುವುದಿಲ್ಲ. ಮಾಸ್ಟರೇ, ನಿಮ್ಮ ಮಾತು ಸರಿ ಅಂತ ಗೊತ್ತು, ಮೀರಾಬಾಯಿಯ ಎರಡು ಪುಟಗಳಲ್ಲಿ ಮುಖವೇ ಹೊಲಿಗೆಯೊಳಗಿದೆ. ಅದೊಂದನ್ನು ಬೇರೆಯಾಗಿ ಹುಡುಕುತ್ತಿದ್ದೇನೆ. ಹಳೆಯ ಕನ್ನಡ ಮೀರಾಬಾಯಿ, ಹಳೆ ಬಣ್ಣದ್ದು, ಯಾರ ಹತ್ತಿರವಾದರೂ ಎರಡು ಪ್ರತಿ ಇದ್ದರೆ ತಿಳಿಸಿ.

ಅಜ್ಜನ ಚಂದಮಾಮ:

ಮೀರಾಬಾಯಿ ನಮ್ಮಲ್ಲಿ ಒಂದು ಇದೆ, ರಕ್ಷಾಪುಟ ಸಮೇತ. ಮೂಲೆ ಸ್ವಲ್ಪ ಇಲಿ ತಿಂದಿದೆ. ಆ ಎರಡು ಪುಟ ಯಾವುವು ಹೇಳು, ಮೊಮ್ಮಗನ ಕೈಲಿ ಇವತ್ತೇ ಫೋಟೋ ತೆಗೆಸಿ ಕಳಿಸುತ್ತೇನೆ.